ದೇವಿಯ ಹಣೆಯ ಐದು ಬೊಟ್ಟು

ಗಾಜು ತೆಗೆದಿಟ್ಟ ರಾಜರಾಜೇಶ್ವರಿಯ ಚಿತ್ರದ ಮುಂದೆ, ಗೇಣು ದೂರದಲ್ಲಿ, ಪದರಗಣ್ಣು ಎಂಬ ಯಂತ್ರ ಗುಂಯ್‌ಗುಟ್ಟುತ್ತಿತ್ತು. ಕೆರೆಯುವುದಿಲ್ಲ, ಮುಟ್ಟುವುದೂ ಇಲ್ಲ. ಕ್ಷಕಿರಣವನ್ನೂ ಅವಗೆಂಪು ಬೆಳಕನ್ನೂ ಬಿಟ್ಟು, ಮರಳಿ ಬಂದದ್ದನ್ನು ನೋಡಿ ಇದು ಪಾದರಸ, ಇದು ಸೀಸ ಎಂದು ಗುರುತಿಸುತ್ತದೆ. ಹಳೆಯ ಯಂತ್ರಗಳೂ ಅಷ್ಟು ಮಾಡುತ್ತಿದ್ದವು, ಆದರೆ ಬಣ್ಣದ ಪದರಗಳನ್ನೆಲ್ಲ ಕಲಸನ್ನದ ಹಾಗೆ ಒಟ್ಟಿಗೇ ಓದುತ್ತಿದ್ದವು. ಇಂಚರಾ ಹನ್ನೊಂದು ವರ್ಷ ಹೆಣಗಿ ಕಟ್ಟಿದ ಇದು ಒಂದೊಂದನ್ನೂ ಬಿಡಿಸಿ ಓದುತ್ತದೆ.

ಅದು ೨೦೬೧. ಹಿಂದಿನ ವಾರವಷ್ಟೇ ಹಳೆಯ ಯಂತ್ರ ದೇವಿಯ ಹಣೆಯಲ್ಲಿ ಪ್ಲಾಸ್ಟಿಕ್ ಗೋಂದಿದೆ ಎಂದಿತ್ತು. ಇನ್ನೂರು ವರ್ಷದ ಚಿತ್ರದಲ್ಲಿ ಪ್ಲಾಸ್ಟಿಕ್ಕೇ! ಮ್ಯೂಸಿಯಂ ನಿರ್ದೇಶಕ ಪೊನ್ನಪ್ಪ ಅದನ್ನು ನಕಲಿಯೆಂದು ಗೋಡೆಯಿಂದ ಇಳಿಸಲು ಹೊರಟಿದ್ದರು. ಇಳಿಸಿದರೆ ಚಿತ್ರ ಕೊಟ್ಟ ಮೈಸೂರಿನ ಚಿತ್ರಗಾರರ ಮನೆಗೆ ಸುಳ್ಳರೆಂಬ ಹೆಸರು. ಆ ಮನೆಯ ಎಪ್ಪತ್ತೈದರ ಚಂದ್ರಕಲಾ, ಸೊಸೆ ಮೇಘನಾಳ ಕೈ ಹಿಡಿದು ನಿಂತಿದ್ದರು.

"ಏನನ್ನುತ್ತಮ್ಮಾ ನಿನ್ನ ಯಂತ್ರ? ಮರ್ಯಾದೆ ಉಳಿಯುತ್ತಾ?"

"ಕೇಳಿ ಅಜ್ಜಿ. ತಳದಲ್ಲಿ ಇಂಗಳೀಕ, ಪಾದರಸ ಗಂಧಕ ಸೇರಿದ ಕೆಂಪು. ಅದು ಚಿತ್ರ ಬರೆದವರದ್ದೇ. ಅದರ ಮೇಲೆ ಐದು ಬೊಟ್ಟು. ಒಂದು ಸೀಸದ ಸಿಂಧೂರ, ಮೂರು ಅರಿಸಿನ ಸುಣ್ಣದ ಕುಂಕುಮ. ಕೊನೆಯದು ಗೋಂದು, ಜೊತೆಗೆ ಕೆಂಪು ಬಟ್ಟೆಯ ಎಳೆ."

ಚಂದ್ರಕಲಾ ಬಾಯಿಗೆ ಸೆರಗು ಹಿಡಿದರು. "ಅಯ್ಯೋ ಶಿವನೇ, ಅದು ನಂದೇ ಕಣಮ್ಮಾ! ನಮ್ಮಲ್ಲಿ ಹೊಸ ಸೊಸೆ ಅಡುಗೆಮನೆಗೆ ಹೋಗೋ ಮುಂಚೆ ದೇವಿಗೆ ಬೊಟ್ಟಿಡಬೇಕು. ಅವತ್ತು ಕುಂಕುಮದ ಭರಣಿ ಮದುವೆ ಛತ್ರದಲ್ಲೇ ಮರೆತಿದ್ದೆ. ಅತ್ತೆ ಬೈತಾರೆ ಅಂತ ನನ್ನ ಹಣೆಯ ಸ್ಟಿಕ್ಕರನ್ನೇ ಕಿತ್ತು ಅಂಟಿಸಿಬಿಟ್ಟೆ. ಆಮೇಲೆ ಅದು ಉದುರಿಹೋಯ್ತು. ಐವತ್ತು ವರ್ಷ ತುಟಿ ಬಿಚ್ಚಿಲ್ಲ!"

ಪೊನ್ನಪ್ಪನವರಿಗೂ ನಗು ತಡೆಯಲಾಗಲಿಲ್ಲ. "ಚಿತ್ರ ಅಸಲಿ, ಒಪ್ಪಿದೆ. ಹಾಗಾದರೆ ಆ ಐದನ್ನೂ ತೆಗೆಸಿ ಮೂಲರೂಪಕ್ಕೆ ತರೋಣ."

ಇಂಚರಾಳಿಗೆ ಸಿಟ್ಟು ಬಂತು. "ಬರೆದವನ ಹೆಸರು ಫಲಕದಲ್ಲಿದೆ ಸರ್. ಈ ಐವರು ಹೆಂಗಸರ ಗುರುತು ಬೇರೆಲ್ಲಿದೆ ತೋರಿಸಿ?"

ಪೊನ್ನಪ್ಪ ಬಗ್ಗಿ ದೇವಿಯ ಹಣೆ ನೋಡಿದರು.

"ಇವಳು ಬರೋ ಹೊತ್ತಿಗೆ ದೇವಿ ಇಲ್ಲಿ ಗಾಜಿನೊಳಗಿದ್ದಳು," ಚಂದ್ರಕಲಾ ಸೊಸೆಯ ಬೆನ್ನು ಸವರಿದರು. "ಪಾಪ, ಇವಳಿಗೆ ಆ ಭಾಗ್ಯವೇ ಸಿಗಲಿಲ್ಲ."

ಇಂಚರಾ ವರದಿಯ ಕೊನೆಗೆ ಎರಡು ಸಾಲು ಸೇರಿಸಿದಳು: ಚಿತ್ರ ಅಸಲಿ. ಇನ್ನೂ ಮುಗಿದಿಲ್ಲ.

ಗಾಜು ಮುಚ್ಚಲು ಕೈಯೆತ್ತಿದ್ದ ಪೊನ್ನಪ್ಪ ಅದನ್ನು ಎರಡು ಸಲ ಓದಿದರು. "ಬಾಮ್ಮಾ," ಎಂದರು ಮೇಘನಾಳಿಗೆ, "ನೀನೂ ಒಂದು ಬೊಟ್ಟು ಹಗುರವಾಗಿ ಇಡು."

ಇದೆಲ್ಲ ಮುಂದೆಂದೋ ನಡೆಯುವ ಮಾತು. ನಿಮ್ಮ ಮನೆಯ ದೇವರಪಟದ ಮೇಲೂ ಇವತ್ತು ಯಾರೋ ಇಟ್ಟ ಕುಂಕುಮ ಇದ್ದೀತು. ಹಬ್ಬಕ್ಕೆಂದು ಒದ್ದೆ ಬಟ್ಟೆ ಹಿಡಿದಿದ್ದೀರಾ? ಸ್ವಲ್ಪ ತಡೆಯಿರಿ. ಅದು ಯಾರದೆಂದು ಅಮ್ಮನನ್ನು ಕೇಳಿ, ಕೇಳಲು ಅಮ್ಮ ಇರುವಾಗಲೇ.