ಹಕ್ಕಿಯ ಸುತ್ತ ಗುಳ್ಳೆಗಳು

“ನಿಮ್ಮ ಮರ ಒದ್ದೆಯಾಗಿತ್ತು. ಅದಕ್ಕೇ ಗುಳ್ಳೆ ಎದ್ದಿದೆ!”

ಮಾತು ಅವಳ ಬಾಯಿಂದ ಜಾರಿಹೋಯಿತು.

ಎದುರು ನಿಂತಿದ್ದ ಗಡಿಯಾರ ರಿಪೇರಿಯವನನ್ನು ಅವಳು ನೋಡಿದ್ದು ಅದೇ ಮೊದಲು. ಆರ್ಡರ್ ತೆಗೆದುಕೊಂಡಿದ್ದವರು ಅವಳ ಚಿಕ್ಕಪ್ಪ, ಅವಳು ಕೆಲಸ ಮಾಡುವ ವರ್ಕ್‌ಶಾಪಿನ ಯಜಮಾನರು. ತೀರಿಕೊಂಡ ತನ್ನ ಅಕ್ಕ ಕೆತ್ತಿದ್ದ ಪುಟ್ಟ ಮರದ ಹಕ್ಕಿಯನ್ನು, ಸುರಿದ ಮೇಲೆ ಗಟ್ಟಿಯಾಗುವ ನೀಲಿ ರೆಸಿನ್ನಿನಲ್ಲಿ ಕೂರಿಸಿ, ಅಕ್ಕನ ಮಗಳಿಗೆ ಕೊಡಬೇಕೆಂದು ಅವನು ತಂದಿದ್ದ. ಈಗ ಗಾಜಿನಂಥ ಆ ಗಟ್ಟಿಯೊಳಗೆ ಹಕ್ಕಿಯ ಸುತ್ತೆಲ್ಲ ಸಾಸಿವೆಯಷ್ಟು ಗಾತ್ರದ ಗಾಳಿಗುಳ್ಳೆಗಳು!

ಅವನು ಕೂಗಾಡಲಿಲ್ಲ.

“ತೇವದ ಗೋಡೆ ಪಕ್ಕದ ಬೀರುವಲ್ಲಿ ಇಟ್ಟಿದ್ದೆ. ನಂದೇ ತಪ್ಪು... ನಿಮ್ಮ ಕೆಲಸಾನೂ ಹಾಳು ಮಾಡ್ದೆ. ಕ್ಷಮಿಸಿ.”

ಅಯ್ಯೋ, ನನ್ನ ಹತ್ರ ಕ್ಷಮೆ ಕೇಳ್ತಿದ್ದಾನಲ್ಲ!

ನಿಜ ಅವಳಿಗೊಬ್ಬಳಿಗೇ ಗೊತ್ತಿತ್ತು. ಮರದ ಸೂಕ್ಷ್ಮ ರಂಧ್ರಗಳಲ್ಲಿ ಗಾಳಿ ಅಡಗಿರುತ್ತದೆ. ಮೊದಲು ತೆಳ್ಳಗೆ ರೆಸಿನ್ ಬಳಿದು ಅವನ್ನು ಮುಚ್ಚಬೇಕು. ಅವಸರದಲ್ಲಿ ಅವಳು ಅದನ್ನು ಬಿಟ್ಟಿದ್ದಳು. ಬಣ್ಣವನ್ನೂ ಮೆಲ್ಲಗೆ ಕಲಸದೆ ಮೊಸರು ಕಡೆದಂತೆ ಕಡೆದಿದ್ದಳು.

ಆ ಗಟ್ಟಿಯನ್ನು ಹಾಗೇ ಮನೆಗೆ ಒಯ್ದ ಅವನು, ರೆಸಿನ್ನಿನಲ್ಲಿ ಗಡಿಯಾರದ ಮುಖಗಳನ್ನು ಮಾಡಿಸುವ ನೆಪದಲ್ಲಿ ಮತ್ತೆ ಮತ್ತೆ ಬಂದ. ಅವಳು ರೆಸಿನ್ ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟು ತೆಳುವಾಗಿಸುವುದನ್ನು, ನೂಲಿನ ಎಳೆಯಂತೆ ಅಚ್ಚಿಗೆ ಸುರಿಯುವುದನ್ನು, ಮೇಲೆ ಬಿಸಿಗಾಳಿ ಹಾಯಿಸಿ ಗುಳ್ಳೆ ಒಡೆಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

“ಎಷ್ಟು ತಾಳ್ಮೆ ರೀ ನಿಮಗೆ!”

ಹೊಗಳಿಕೆ ಮುಳ್ಳಿನಂತೆ ಚುಚ್ಚುತ್ತಿತ್ತು. ಅವನು ಬರದ ದಿನ ಮಾತ್ರ ಅವಳಿಗೆ ಯಾವ ಕೆಲಸವೂ ಹಿಡಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಹೇಳಿದ: “ಅಮ್ಮನ ಹಕ್ಕೀನ ಮಾವ ಹಾಳು ಮಾಡ್ದ ಅಂತ ಅಕ್ಕನ ಮಗಳು ನನ್ನ ಹತ್ರ ಮಾತೇ ಬಿಟ್ಟಿದ್ದಾಳೆ.” ನಗಲು ನೋಡಿದ. ಆಗಲಿಲ್ಲ.

ಅವಳು ರೆಸಿನ್ ಕಲಸುತ್ತಿದ್ದ ಕಡ್ಡಿಯನ್ನು ಕೆಳಗಿಟ್ಟಳು.

“ನಿಮ್ಮ ಮರ ಒಣಗೇ ಇತ್ತು! ತಪ್ಪು ನಂದು... ಹೆದರಿ ಸುಳ್ಳು ಹೇಳ್ಬಿಟ್ಟೆ.”

“ಎರಡು ತಿಂಗಳು... ನನ್ನ ಮುಖ ನೋಡ್ಕೊಂಡೇ ಇದ್ರಲ್ಲ?”

ಅಷ್ಟೇ ಕೇಳಿ ಅವನು ಹೊರಟುಹೋದ.

ಒಂಬತ್ತು ದಿನ ಅವನ ಸುಳಿವಿಲ್ಲ. ಅವಳು ಚಿಕ್ಕಪ್ಪನಿಗೂ ಎಲ್ಲ ಹೇಳಿದಳು.

“ನಾನು ಬೈಯೋದೇನಮ್ಮ? ನೀನೇ ಬೈಕೊಂಡು ಅರ್ಧ ಆಗಿದ್ದೀಯ,” ಎಂದರು ಅವರು.

ಹತ್ತನೆಯ ದಿನ ನೀಲಿ ಗಟ್ಟಿ ಮೇಜಿನ ಮೇಲೆ ಬಂದು ಕೂತಿತು. ಅವನ ದನಿ ಇನ್ನೂ ಬಿಗಿಯಾಗಿತ್ತು. “ಸರಿ ಮಾಡೋಕಾಗುತ್ತಾ?”

“ಪೂರ್ತಿ ಆಗಲ್ಲ. ಮೇಲಿನ ಗುಳ್ಳೆಗಳನ್ನ ಕೊರೆದು ತುಂಬಬಹುದು. ಮೈಗಂಟಿದ್ದನ್ನ ಮುಟ್ಟಿದ್ರೆ ಹಕ್ಕಿಗೇ ಪೆಟ್ಟಾಗುತ್ತೆ.”

ಈ ಸಲ ಅವಳು ಒಂದಕ್ಷರವನ್ನೂ ಮುಚ್ಚಿಡಲಿಲ್ಲ. ಅವನು ಜೇಬಿನಿಂದ ತನ್ನ ಸಣ್ಣ ಡ್ರಿಲ್ ತೆಗೆದ. ಒಂದೊಂದೇ ಗುಳ್ಳೆಯನ್ನು ಅವನು ಕೊರೆದ. ಅದೇ ನೀಲಿಯನ್ನು ಅವಳು ಸೂಜಿಯ ತುದಿಯಲ್ಲಿ ತುಂಬಿದಳು. ಒಣಗಿಸಿ ಉಜ್ಜುವಷ್ಟರಲ್ಲಿ ಎರಡು ದಿನ ಕಳೆಯಿತು; ಅವನ ದನಿಯ ಬಿಗಿಯೂ ಸಡಿಲಿತು. ರೆಕ್ಕೆಯ ಬಳಿ ನಾಲ್ಕೈದು ಗುಳ್ಳೆ ಉಳಿದೇ ಉಳಿದವು.

“ಮಗುಗೆ ನಾನೇ ಬಂದು ನಿಜ ಹೇಳ್ತೀನಿ,” ಎಂದಳು.

“ನೀವು ಯಾರು ಅಂತ ಕೇಳ್ತಾಳಲ್ಲ?”

“ಸುಳ್ಳು ಹೇಳಿದವಳು ಅಂತೀನಿ...”

“ಅದು ನಿಮ್ಮ ಮಾತು. ನಾನು ಬೇರೆ ಹೇಳ್ಬೇಕು ಅಂತಿದ್ದೀನಿ.”

“ಏನಂತ?”

“ನಿನ್ನ ಅತ್ತೆ ಆಗೋರು ಅಂತ... ಹೇಳ್ಲಾ?”

ಅವಳ ಕಣ್ಣು ತುಂಬಿ ಬಂತು.

“ಮೊದ್ಲು ನಾನು ತಪ್ಪು ಒಪ್ಕೋತೀನಿ. ಆಮೇಲೆ... ನೀವು ಹೇಳಿ.”