ಬೀಪ್ ಬಂದ ದಿಕ್ಕಿಗೆ

ಬೀಪ್... ಬೀಪ್...

ಕಾರಿನ ಗಾಜಿಗೆ ಅಂಟಿಸಿದ್ದ ರೇಡಾರ್ ಡಿಟೆಕ್ಟರ್ ಡಾಲಸ್ ಬಿಟ್ಟಾಗಿನಿಂದ ಬಾಯಿ ಮುಚ್ಚಿರಲಿಲ್ಲ. ಪೊಲೀಸರು ವೇಗ ಅಳೆಯೋ ರೇಡಾರ್ ಹತ್ತಿರವಿದ್ದರೆ ಕೂಗಿ ಎಚ್ಚರಿಸೋ ಡಬ್ಬಿ ಅದು.

ಪಕ್ಕದಲ್ಲಿ ಶ್ರೀವಿದ್ಯಾ. ಧಾರವಾಡದ ಹುಡುಗಿ. ಗಂಡ ದುಷ್ಯಂತ್ ಡಾಲಸ್ ಪಕ್ಕದ ಮೆಕಿನ್ನಿ ಊರಿನ ಮನೆಯಲ್ಲಿ ಅವಳ ಕೈ ಮುರಿದಿದ್ದ. ಅವಳ ಹತ್ತಿರ ಸುಳಿಯಕೂಡದು, ಗನ್ ಇಟ್ಟುಕೊಳ್ಳಕೂಡದು ಅಂತ ಕೋರ್ಟ್ ಆರ್ಡರ್ ಆಗಿತ್ತು. ಅವಳನ್ನು ಹ್ಯೂಸ್ಟನ್‌ನ ಅಕ್ಕನ ಮನೆಗೆ ಮುಟ್ಟಿಸೋದು ನನ್ನ ಕೆಲಸ.

ನಾನು ಕುಮುದಾ. ಪ್ರೈವೇಟ್ ಡಿಟೆಕ್ಟಿವ್. ಲೈಸೆನ್ಸ್ ಇದೆ, ಮಂಡಿನೋವೂ ಇದೆ.

ಊರೊಳಗೆ ಡಿಟೆಕ್ಟರನ್ನು ಸಿಟಿ ಮೋಡ್‌ನಲ್ಲಿ ಇಡ್ತೀನಿ. ಇಲ್ಲದಿದ್ದರೆ ಅಂಗಡಿಯ ಆಟೋಮ್ಯಾಟಿಕ್ ಬಾಗಿಲಿಗೂ ಕೂಗುತ್ತೆ. ರಸ್ತೆ ಬಯಲಿಗೆ ಬಿದ್ದ ಮೇಲೆ ಹೈವೇ ಮೋಡ್‌ಗೆ ಹಾಕಿ ಸೆನ್ಸಿಟಿವಿಟಿ ಏರಿಸಿದೆ. ಆಗ ಶುರುವಾಯಿತು ಈ ಸಣ್ಣ ಸದ್ದು. ಇದು ಪೊಲೀಸರದ್ದಲ್ಲ. ಯಾವುದೋ ಕಾರಿನ ಬ್ಲೈಂಡ್ ಸ್ಪಾಟ್ ಸೆನ್ಸರ್, ಪಕ್ಕದ ಗಾಡಿಗಳನ್ನು ರೇಡಾರಿನಿಂದಲೇ ಪತ್ತೆ ಹಚ್ಚೋದು. ಆ ಕಾರು ದೂರ ಹೋದರೆ ಸದ್ದೂ ಸಾಯಬೇಕು.

ಸಾಯಲಿಲ್ಲ.

ನಿಧಾನ ಮಾಡಿದೆ. ಬೀಪ್. ಜೋರು ಮಾಡಿದೆ. ಬೀಪ್.

ಶ್ರೀವಿದ್ಯಾ ತಿರುಗಿ ನೋಡಿದಳು. "ಆಂಟಿ, ಹಿಂದ ಯಾರೂ ಇಲ್ರಿ."

"ಹಿಂದೆ ಅಲ್ಲ. ಮುಂದೆ ನೋಡು."

ಮುಂದೆ ಒಂದು ಕರಿ ಎಸ್‌ಯುವಿ. ನಾನು ನಿಧಾನ ಮಾಡಿದರೆ ಅದೂ ನಿಧಾನ. ಕನ್ನಡಿಯಲ್ಲಿ ಕಾಣಬಾರದು ಅಂತ ಮುಂದಿನಿಂದಲೇ ನಮ್ಮ ಜೊತೆ ಬರ್ತಿತ್ತು. ನಂಬರ್ ಪ್ಲೇಟ್ ನೋಡಿ ಅವಳು ಅಂದಳು, "ದುಷ್ಯಂತನ ಗಾಡಿರಿ ಅದು. ಅಕ್ಕನ ಮನಿಗೆ ಹೊಂಟೇವಂತ ಅವಗ ಗೊತ್ತಾಗೇದ."

ನಾನು ಮತ್ತೆ ಮತ್ತೆ ವೇಗ ಬದಲಿಸಿದ್ದರಿಂದ ನಾವು ಗುರುತು ಹಿಡಿದದ್ದು ಅವನಿಗೂ ಗೊತ್ತಾಯಿತು. ಬ್ರೇಕ್ ಒತ್ತಿ ನಮ್ಮ ಪಕ್ಕಕ್ಕೆ ಬಂದ. ಕಿಟಕಿ ಇಳಿಸಿದ. ಕೈಯಲ್ಲಿ ಪಿಸ್ತೂಲು. ಬದಿಗೆ ನಿಲ್ಲಿಸು ಅಂತ ಅದರಲ್ಲೇ ಸನ್ನೆ ಮಾಡಿದ.

ನಿಲ್ಲಿಸಲಿಲ್ಲ. ಆಕ್ಸಿಲರೇಟರ್ ತುಳಿದೆ. ಅವನು ಹಿಂದೆ ಬಿದ್ದು ನಮ್ಮ ಬಂಪರ್‌ಗೆ ಗುದ್ದಿದ. ಕಾರು ಓಲಾಡಿತು... ಸರಿಹೋಯಿತು.

ಶ್ರೀವಿದ್ಯಾ ಪೊಲೀಸರಿಗೆ ಫೋನ್ ಹಚ್ಚಿದಳು. ನಿಲ್ಲಬೇಡಿ, ಹೋಗ್ತಾ ಇರಿ, ಗಾಡಿ ಕಳಿಸ್ತೀವಿ ಅಂದರಂತೆ. ಎಲ್ಲಿಂದ ಕಳಿಸ್ತಾರೆ? ಸುತ್ತ ಬರೀ ಹುಲ್ಲು, ದನ.

ಡಿಟೆಕ್ಟರ್ ಕಡೆ ಕೈಚಾಚಿದೆ. ಸದ್ದನ್ನು ತಾನಾಗಿ ತಗ್ಗಿಸೋ ಆಟೋ ಮ್ಯೂಟ್ ಆಫ್. ವಾಲ್ಯೂಮ್ ಪೂರ್ತಿ. ಇನ್ನು ಒಂದೇ ಸದ್ದಿಗೆ ಕಾಯೋದು. ಪೊಲೀಸ್ ರೇಡಾರಿನ ಸದ್ದಿಗೆ. ಅದರ ದನಿಯೇ ಬೇರೆ, ಒರಟು.

ಅವನು ಮತ್ತೆ ಗುದ್ದಿದ. ಹಿಂದಿನ ಗಾಜು ಬಿರಿಯಿತು. ಶ್ರೀವಿದ್ಯಾ ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಅವಚಿಕೊಂಡಳು.

ಆಗ ಬಂತು. ಒರಟು ದನಿ. ಒಂದು ಸಲ... ಮೌನ... ಮತ್ತೆ ಒಂದು ಸಲ.

ದಿಬ್ಬ ಏರಿದಂತೆಲ್ಲ ಸದ್ದು ಬೇಗಬೇಗ ಬರತೊಡಗಿತು. ದಿಬ್ಬದಾಚೆ ಮುಂದೆ ಹೋಗ್ತಿದ್ದ ಕಾರುಗಳೆಲ್ಲ ಪೊಲೀಸರನ್ನು ಕಂಡು ಬ್ರೇಕ್ ಒತ್ತಿದವು. ನಾನು ಗಂಟೆಗೆ ನೂರು ಮೈಲಿ ದಾಟಿಸಿದೆ.

"ಪೊಲೀಸ್ ಅದಾರ ಅಂದ್ರ ಎಲ್ಲಾರೂ ನಿಧಾನ ಮಾಡ್ತಾರ. ನೀವ್ಯಾಕ್ರಿ ಜೋರ ಹೊಂಟೀರಿ?"

"ಹಿಡೀಲಿ ಅಂತ."

ಸೇತುವೆಯ ನೆರಳಲ್ಲಿ ಟ್ರೂಪರ್, ಅಂದರೆ ಹೈವೇ ಪೊಲೀಸಿನವನ ಕಾರು ನಿಂತಿತ್ತು. ನಮ್ಮ ಕಾರು, ಹಿಂದೆಯೇ ದುಷ್ಯಂತನದ್ದು, ಅದರ ಮುಂದೆಯೇ ಗುಂಡಿನ ಹಾಗೆ ಹೋದವು. ಕೆಂಪು ನೀಲಿ ದೀಪ ಹತ್ತಿತು. ನಾನು ಬದಿಗೆ ಹಾಕಿ ನಿಲ್ಲಿಸಿದೆ. ಟ್ರೂಪರ್ ಬೆನ್ನಿಗೇ ಬಂದಿದ್ದರಿಂದ ದುಷ್ಯಂತನೂ ನಿಲ್ಲಿಸಬೇಕಾಯಿತು.

ಹಿಂದೆಯೇ ಇನ್ನೊಂದು ಪೊಲೀಸ್ ಗಾಡಿ ಬಂತು. ನಮ್ಮ ಫೋನ್ ಅವರಿಗೆ ತಲುಪಿತ್ತು. ದುಷ್ಯಂತನ ಸೀಟಿನ ಕೆಳಗೆ ಪಿಸ್ತೂಲು ಸಿಕ್ಕಿತು. ಕೋರ್ಟ್ ಆರ್ಡರ್ ಪೊಲೀಸರ ಕಂಪ್ಯೂಟರಿನಲ್ಲೇ ಇತ್ತು. ಅವನ ಕೈಗೆ ಕೋಳ ಬೀಳೋವರೆಗೂ ಶ್ರೀವಿದ್ಯಾ ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಅತ್ತಳು. ಅಳಲಿ ಅಂತ ಬಿಟ್ಟೆ.

ಟ್ರೂಪರ್ ನನ್ನ ಕಿಟಕಿಗೆ ಬಗ್ಗಿದ. ಡಿಟೆಕ್ಟರ್ ನೋಡಿ ಹುಬ್ಬೇರಿಸಿದ. ಇದನ್ನಿಟ್ಟುಕೊಂಡೂ ಸಿಕ್ಕಿಬಿದ್ರಲ್ಲ ಮ್ಯಾಮ್, ಕೆಟ್ಟಿದೆಯಾ ಅಂದ.

"ಇಲ್ಲ ಆಫೀಸರ್. ನಿಮ್ಮನ್ನ ಹುಡುಕಿಕೊಟ್ಟಿದ್ದೇ ಅದು."