ಮೊದಲು ಬಂದವರು, ಆಮೇಲೆ ಬಂದವರು

ಒಬ್ಬರ ಅಡುಗೆಮನೆಯಲ್ಲಿ ನಡೆದ ಮಾತನ್ನು ಹೊರಗೆ ತಂದು ಹೇಳುವುದು ಸರಿಯೋ ತಪ್ಪೋ ಎಂದು ಎರಡು ತಿಂಗಳು ಯೋಚಿಸಿದ್ದೇನೆ. ಬರೆದು, ಹರಿದು, ಮತ್ತೆ ಬರೆದಿದ್ದೇನೆ. ಓದುವವರು ಕ್ಷಮಿಸಬೇಕು. ದೂರದ ದೇಶಗಳ ಚರಿತ್ರೆಯೂ ಇದರಲ್ಲಿ ಸ್ವಲ್ಪ ಬರುತ್ತದೆ. ಅದು ನನ್ನ ಓದಿಗೆ ಮೀರಿದ ವಿಷಯ. ತಪ್ಪು ಕಂಡರೆ ಅದು ನನ್ನದು, ಆ ಮನೆಯವರದಲ್ಲ.

ಆ ಶನಿವಾರ ಬೆಳಿಗ್ಗೆ ಒಮಾನಿನ ಸುವೈಕ್ ಪೇಟೆಯ ಹಿಂದಿನ ಬೀದಿಯ ಎರಡನೇ ಮಹಡಿಯಲ್ಲಿ ಸೌಮ್ಯಶ್ರೀ ಮೂರನೇ ಸಲ ನೆಲ ಒರೆಸುತ್ತಿದ್ದಳು. ಬುರೈಮಿಯಿಂದ ಗಂಡನ ಅಕ್ಕ, ಅತ್ತಿಗೆ ದಮಯಂತಿ ಬರುವವರಿದ್ದರು. ಬರುವುದು ಊಟಕ್ಕೆ, ಆದರೆ ಊಟ ಮುಗಿದಾಗ ಈ ಸಂಸಾರದ ಮುಂದಿನ ಒಂದು ವರ್ಷ ತೀರ್ಮಾನವಾಗಬೇಕಿತ್ತು. ಗಂಡ ಕೊಗ್ಗ ಕಟ್ಟಡ ಕಂಪನಿಯೊಂದರ ಸ್ಟೋರ್ ಕೀಪರ್. ಮಾರ್ಚ್ ಕೊನೆಗೆ ಅವನಿಗೆ ಮರುಭೂಮಿಯ ಆಚೆಯ ಕ್ಯಾಂಪಿಗೆ ವರ್ಗವಾಗಿತ್ತು. ಅಲ್ಲಿ ಸಂಸಾರ ಇಟ್ಟುಕೊಳ್ಳುವಂತಿಲ್ಲ. ಇದ್ದ ಮನೆ ಕಂಪನಿಯದು, ಅದನ್ನು ಬಿಡಬೇಕು. ಮಗಳು ಯಶ್ಮಿತಾ ಹನ್ನೊಂದನೇ ತರಗತಿ ಮುಗಿಸುತ್ತಿದ್ದಳು, ಇನ್ನೊಂದೇ ವರ್ಷ. ತಾಯಿ, ಮಗಳು ಆ ವರ್ಷ ದಮಯಂತಿಯ ಮನೆಯಲ್ಲಿದ್ದರೆ ಹುಡುಗಿಯ ಓದು ಅಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ನಡೆಯುತ್ತದೆ, ಕೊಗ್ಗನೂ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ಮಗಳ ಮುಖ ನೋಡಬಹುದು. ಇಲ್ಲವಾದರೆ ಇಬ್ಬರೂ ಊರಿಗೆ. ಮೂವರೂ ಒಂದೇ ದೇಶದಲ್ಲಿ ಇರುವುದು ಅಲ್ಲಿಗೆ ಖಲಾಸ್.

ಕೊಗ್ಗ ಫೋನಿನಲ್ಲಿ ಕೇಳಿದಾಗ ಅಕ್ಕ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. "ಬರ್ತೇನೆ. ನೋಡ್ತೇನೆ. ಮತ್ತೆ ಹೇಳ್ತೇನೆ" ಎಂದಿದ್ದರು.

ನೋಡುವುದರಲ್ಲಿ ದಮಯಂತಿಯನ್ನು ಮೀರಿಸುವವರಿರಲಿಲ್ಲ. ನೋಡುವುದು, ತಕ್ಷಣ ಹೋಲಿಸುವುದು. ಸುವೈಕಿನ ಟೊಮೆಟೊ ಹುಳಿ, ಬುರೈಮಿಯದ್ದು ರುಚಿ. ಸೌಮ್ಯಳ ಪರದೆ ಮಾಸಲು, ತಮ್ಮದು ಹೊಸದು. ಯಶ್ಮಿತಾ ಕಪ್ಪು, ತಮ್ಮ ಮಗ ಅಕ್ಷಿತ್ ಆ ವಯಸ್ಸಿನಲ್ಲಿ ಹಾಲಿನ ಹಾಗೆ ಇದ್ದ. ಮದುವೆಯಾಗಿ ಮೂವತ್ತು ವರ್ಷಗಳ ಹಿಂದೆಯೇ ಒಮಾನಿಗೆ ಬಂದವರು ಅವರು. ಗಂಡನಿಗೆ ಬುರೈಮಿಯಲ್ಲಿ ಸೂಪರ್ ಮಾರ್ಕೆಟ್. ಕೊಗ್ಗನಿಗೆ ಮೊದಲ ವೀಸಾ ಕೊಡಿಸಿದ ಕಫೀಲನನ್ನು, ಅಂದರೆ ಹೊಣೆ ಹೊರುವ ಸ್ಥಳೀಯನನ್ನು, ಹುಡುಕಿದ್ದು ಅವರೇ. ಇಂಥವರ ಅಡುಗೆಮನೆಯಲ್ಲಿ ಒಂದು ವರ್ಷ ಕಳೆಯಬೇಕು ಎಂದು ನೆನೆದಾಗಲೆಲ್ಲ ಸೌಮ್ಯಳಿಗೆ ಊರಿನ ವಿಮಾನವೇ ವಾಸಿ ಅನ್ನಿಸುತ್ತಿತ್ತು. ಆದರೂ ಮಗಳ ಮುಖ ನೆನೆದು ನೆಲ ಒರೆಸುತ್ತಿದ್ದಳು.

ಒರೆಸುವ ಗಡಿಬಿಡಿಯಲ್ಲಿ ಫ್ರಿಡ್ಜಿನ ಬಾಗಿಲಿಗೆ ಅಂಟಿಸಿದ್ದ ಹಾಳೆಯನ್ನು ಅವಳು ಮರೆತಳು.

ಆ ಹಾಳೆಯ ಕತೆ ಹೀಗೆ. ಯಶ್ಮಿತಾಳ ಶಾಲೆಯ ಪ್ರಾಜೆಕ್ಟ್, ಅಮೆರಿಕದಲ್ಲಿ ನೆಲೆಸಿದ ಜರ್ಮನ್ ಮೂಲದವರನ್ನೂ ಕ್ಯೂಬಾ ಮೂಲದವರನ್ನೂ ಹೋಲಿಸುವುದು: ಯಾರು ಎಷ್ಟು ಓದಿದರು, ಎಷ್ಟು ಗಳಿಸಿದರು, ಏನು ಉಳಿಸಿಕೊಂಡರು ಎಂದು. ಅದನ್ನೇ ಅವಳು ಮುಂದಿನ ಶುಕ್ರವಾರ ಕನ್ನಡಿಗರ ಸ್ನೇಹಕೂಟದಲ್ಲಿ ಐದು ನಿಮಿಷ ಹೇಳಬೇಕಿತ್ತು. ಸ್ಪರ್ಧೆಯ ನಿಯಮ, ಒಂದು ಇಂಗ್ಲಿಷ್ ಪದಕ್ಕೆ ಒಂದು ಅಂಕ ಕಡಿತ. ಭಾಷಣವನ್ನು ಕನ್ನಡದಲ್ಲಿ ಬರೆದುಕೊಡಲು ಕುಳಿತ ಸೌಮ್ಯಳಿಗೆ ಮಗಳು ಒಂದು ಪ್ರಶ್ನೆ ಹಾಕಿದಳು. "ಅಮ್ಮ, ಜರ್ಮನ್ ಅನ್ನೋದು ಇಂಗ್ಲಿಷ್ ಪದ ಅಲ್ವಾ?"

ಸೌಮ್ಯ ಗಾಬರಿಯಾದಳು. ಹೌದಲ್ಲ, ಎಷ್ಟು ಸಲ ಬಂದಿದೆ! ಒಂದೊಂದಾಗಿ ಎಲ್ಲವನ್ನೂ ಹೊಡೆದು ಹಾಕಿದಳು. ಜರ್ಮನ್ ಹೋಯಿತು, ಕ್ಯೂಬಾ ಹೋಯಿತು, ಅಮೆರಿಕವೂ ಹೋಯಿತು. ಉಳಿದದ್ದನ್ನು ದುಂಡಗಿನ ಅಕ್ಷರದಲ್ಲಿ ಎರಡು ಸಾಲು ಮಾಡಿ ಬರೆದು, ಮಗಳು ಬಾಯಿಪಾಠ ಮಾಡಲಿ ಎಂದು ಫ್ರಿಡ್ಜಿಗೆ ಅಂಟಿಸಿದಳು.

ಎಡಗಡೆ: "ಮೊದಲು ಬಂದವರು. ಕಡಲು ದಾಟಿ ಬಹಳ ಹಿಂದೆಯೇ ಬಂದರು. ನೆಲೆಯೂರಿದರು. ಆದಾಯ ಹೆಚ್ಚು. ಹೊರಗಿನವರಿಗಾಗಿ ಕೆಲವರು ಹೆಸರನ್ನೇ ತಿದ್ದಿಕೊಂಡರು. ಮನೆಮಾತು ಮಕ್ಕಳಿಗೆ ಬರಲಿಲ್ಲ. ಈಗ ಉಳಿದಿರುವುದು ಹಬ್ಬದ ತಿಂಡಿ ಮಾತ್ರ."

ಬಲಗಡೆ: "ಆಮೇಲೆ ಬಂದವರು. ಹೆಚ್ಚಿನವರು ಬರಿಗೈಯಲ್ಲಿ ಬಂದರು. ನಾಳೆ ವಾಪಸು ಹೋಗುತ್ತೇವೆ ಎನ್ನುತ್ತಲೇ ವರ್ಷಗಳು ಕಳೆದವು. ಒಬ್ಬರಿಗೊಬ್ಬರು ಕೆಲಸ ಕೊಟ್ಟರು. ಆದಾಯ ಕಡಿಮೆ. ಮನೆಮಾತು ಉಳಿಯಿತು."

ಹನ್ನೊಂದು ಗಂಟೆಗೆ ಅಕ್ಷಿತ್ ಕಾರು ಓಡಿಸಿಕೊಂಡು ತಾಯಿಯನ್ನು ಕರೆತಂದ. ಇಪ್ಪತ್ತಾರರ ಹುಡುಗ, ಒಳ್ಳೆಯ ಕೆಲಸ. ಆಫೀಸಿನಲ್ಲಿ ಅವನ ಹೆಸರು ಆಶ್. ಮನೆಮಾತಾದ ತುಳುವೂ ಬಾರದು, ಕನ್ನಡವೂ ಬಾರದು. ಸೋಫಾದಲ್ಲಿ ಕುಳಿತು ಗೋಳಿಬಜೆಯ ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡ. ದಮಯಂತಿ ನೀರು ಕುಡಿಯಲು ಅಡುಗೆಮನೆಗೆ ಹೋದರು.

ಲೋಟ ಅರ್ಧದಲ್ಲೇ ನಿಂತಿತು.

"ಸೌಮ್ಯಾ, ಇದು ಯಾರ ಅಕ್ಷರ?"

"ನನ್ನದೇ ಅತ್ತಿಗೆ." ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಸೌಮ್ಯ ನಾಚಿದಳು. "ಚಂದ ಬರಲಿಲ್ಲ. ಅವಸರದಲ್ಲಿ ಬರೆದದ್ದು."

"ಮನಸ್ಸಲ್ಲಿ ಇದ್ದದ್ದು ಅವಸರದಲ್ಲೇ ಬರುವುದು. ಎಲ್ಲ ನಿಜವಾ ಇದು?"

"ನಿಜವೇ ಅತ್ತಿಗೆ. ಶಾಲೆಯಲ್ಲಿ ಟೀಚರ್ ನೋಡಿ ಸಹಿ ಹಾಕಿದ್ದಾರೆ."

"ಶಾಲೆಗೂ ಹೋಯಿತಾ?"

"ಹೂಂ. ತುಂಬ ಖುಷಿಪಟ್ಟರಂತೆ. ಮುಂದಿನ ಶುಕ್ರವಾರ ಯಶ್ಮಿ ಸ್ನೇಹಕೂಟದಲ್ಲಿ ಹೇಳ್ತಾಳೆ. ಇನ್ನೂರು ಜನ ಬರ್ತಾರಂತೆ."

"ಇನ್ನೂರು ಜನರ ಎದುರು..."

"ಮೈಕಿನಲ್ಲಿ," ಎಂದಳು ಸೌಮ್ಯ ಹೆಮ್ಮೆಯಿಂದ.

ದಮಯಂತಿ ಲೋಟ ಕೆಳಗಿಟ್ಟರು. ಹಾಳೆಯನ್ನು ಫ್ರಿಡ್ಜಿನಿಂದ ಬಿಡಿಸಿ, ಮಡಚಿ, ಬ್ಯಾಗಿಗೆ ಹಾಕಿಕೊಂಡರು. ಹಾಲಿಗೆ ಹೋಗಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವರು ಮತ್ತೆ ಒಂದು ಮಾತೂ ಆಡಲಿಲ್ಲ. ಪರದೆಯ ಬಗ್ಗೆ ಹೇಳಲಿಲ್ಲ. ಟೊಮೆಟೊದ ಬಗ್ಗೆಯೂ ಹೇಳಲಿಲ್ಲ. ಆ ಮೌನ ಕಂಡು ಸೌಮ್ಯಳಿಗೆ ನಿಜಕ್ಕೂ ಹೆದರಿಕೆಯಾಯಿತು.

ಒಂದು ಗಂಟೆಗೆ ಕೊಗ್ಗ ಕೆಲಸದಿಂದ ಬಂದ. "ಅಕ್ಕ, ಊಟ ಆಯ್ತಾ? ಯಲ್ಲಾ, ಬನ್ನಿ, ಕೂತುಕೊಳ್ಳುವ."

"ಆಮೇಲೆ ಬಂದವರು ಮೊದಲು ಉಣ್ಣಿ," ಎಂದರು ದಮಯಂತಿ. "ನಮಗೇನು, ಆದಾಯ ಹೆಚ್ಚು. ದಾರಿಯಲ್ಲಿ ಎಲ್ಲಾದರೂ ತಿಂತೇವೆ. ಅಕ್ಷಿತ್, ಏಳು."

"ಅಕ್ಕ, ಎಂತದ್ದು ಮಾರಾಯ್ತಿ ಇದು?"

"ಬುರೈಮಿಯ ಮನೆ ನಿನ್ನ ಹೆಂಡತಿ, ಮಗಳಿಗೆ ಆಗಲಿಕ್ಕಿಲ್ಲ. ಅಲ್ಲಿ ಮನೆಮಾತೇ ಇಲ್ಲ ನೋಡು."

ಸೌಮ್ಯ ಸೌಟು ಹಿಡಿದೇ ಅಡುಗೆಮನೆಯಿಂದ ಓಡಿಬಂದಳು. ಇಷ್ಟು ದಿನ ಯಾವುದಕ್ಕೆ ಹೆದರಿದ್ದಳೋ ಅದೇ... ಊರಿನ ವಿಮಾನ, ಇಲ್ಲಿ ಕ್ಯಾಂಪಿನ ಕಬ್ಬಿಣದ ಮಂಚದಲ್ಲಿ ಒಬ್ಬನೇ ಗಂಡ, ಊರಿನ ಯಾವುದೋ ಶಾಲೆಯ ಕೊನೆಯ ಬೆಂಚಿನಲ್ಲಿ ಮಗಳು, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. "ಅತ್ತಿಗೆ, ನಾನು ಎಂತ ತಪ್ಪು ಮಾಡಿದೆ, ಹೇಳಿಬಿಡಿ" ಎಂದು ಅಳತೊಡಗಿದಳು.

ದಮಯಂತಿ ಹಾಳೆಯನ್ನು ತೆಗೆದು ತಮ್ಮನ ಕೈಗಿಟ್ಟರು. ಕೊಗ್ಗ ಓದಿದ. ಓದುತ್ತ ಓದುತ್ತ ಅವನ ಮುಖ ಬಾಡಿತು. "ಸೌಮ್ಯಾ," ಎಂದ ಮೆಲ್ಲಗೆ, "ನಿಜವೇ ಇರಬಹುದು. ಆದರೆ ಬರೆಯುವ ಅಗತ್ಯ ಎಂತ ಇತ್ತು?"

ಆಗ ಸೌಮ್ಯಳಿಗೆ ಹೊಳೆಯಿತು. "ಅಯ್ಯೋ, ಅದು ಜರ್ಮನಿಯವರು!"

"ಈಗ ನಮ್ಮನ್ನು ಜರ್ಮನಿಯವರನ್ನಾಗಿಯೂ ಮಾಡಿದೆಯಾ?" ಎಂದರು ದಮಯಂತಿ. "ಮಾಡು. ನಾನು ಮೊದಲು ಬಂದದ್ದು ಹೌದು. ನನ್ನ ಮಗ ಹೆಸರು ಕತ್ತರಿಸಿಕೊಂಡದ್ದೂ ಹೌದು. ಮನೆಮಾತು ಬರಲಿಲ್ಲ ಅಂತ ಬರೆದಿದ್ದೀಯಲ್ಲ, ಯಾಕೆ ಬರಲಿಲ್ಲ ಅಂತ ಕೇಳಿದೆಯಾ? ನಾನು ಬರುವಾಗ ಆ ಬೀದಿಯಲ್ಲಿ ತುಳು ಮಾತಾಡುವ ಒಂದು ಹೆಂಗಸು ಇರಲಿಲ್ಲ. ಇವರು ಬೆಳಿಗ್ಗೆ ಆರಕ್ಕೆ ಅಂಗಡಿಗೆ ಹೋದರೆ ರಾತ್ರಿ ಹನ್ನೊಂದು. ಮಗು ಹುಟ್ಟಿತು. ಶಾಲೆಯಲ್ಲಿ ಹಿಂದೆ ಬೀಳಬಾರದು ಅಂತ ನನಗೆ ಬರುವ ನಾಲ್ಕು ಇಂಗ್ಲಿಷ್ ಮಾತನ್ನೇ ಆಡಿದೆ. ನೀನು ಬರುವಾಗ ಏರ್‌ಪೋರ್ಟಿನಲ್ಲಿ ಮಲ್ಲಿಗೆ ಹಿಡಿದು ನಾನು ನಿಂತಿದ್ದೆ ಸೌಮ್ಯಾ. ನಾನು ಬರುವಾಗ ಯಾರು ನಿಂತಿದ್ದರು?"

ಹದಿನೆಂಟು ವರ್ಷಗಳಲ್ಲಿ ಸೌಮ್ಯ ಅತ್ತಿಗೆಯ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು. ಆ ಮಲ್ಲಿಗೆ ಅವಳಿಗೆ ನೆನಪಿತ್ತು. ಅಂದು ಅತ್ತಿಗೆ ತಲೆಗೆ ಮುಡಿಸುತ್ತ, "ಕೂದಲು ಇಷ್ಟೇ ಉಂಟಾ?" ಎಂದು ಕೇಳಿದ್ದರು. ಅವಳಿಗೆ ಆ ಮಾತು ಮಾತ್ರ ಚುಚ್ಚಿಕೊಂಡು ಉಳಿದಿತ್ತು, ಮುಡಿಸಿದ ಕೈಯನ್ನು ಮರೆತೇ ಬಿಟ್ಟಿದ್ದಳು.

"ಮಮ್ಮಿ, ವಾಟ್ ಹ್ಯಾಪನ್ಡ್?" ಎಂದ ಅಕ್ಷಿತ್, ಬಾಯಿ ತುಂಬ ಗೋಳಿಬಜೆ ಇಟ್ಟುಕೊಂಡು.

ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಶಾಲೆಯ ವಸ್ತುಪ್ರದರ್ಶನ ಮುಗಿಸಿ ಯಶ್ಮಿತಾ ಬಂದಿದ್ದಳು, ತನಗಿಂತ ಉದ್ದದ ಚಾರ್ಟನ್ನು ಹೊತ್ತುಕೊಂಡು. "ಮಾಮಿ!" ಎಂದು ತಂದೆಯ ಅಕ್ಕನತ್ತ ಓಡಿದವಳು ಎಲ್ಲರ ಮುಖ ನೋಡಿ ನಿಂತಳು. "ಯಾರು ಸತ್ತರು?"

"ಬಿಡಿಸು," ಎಂದಳು ಸೌಮ್ಯ ಮೂಗು ಒರೆಸುತ್ತ. "ಅದನ್ನು ಬಿಡಿಸಿ ಮಾಮಿಗೆ ತೋರಿಸು. ಬೇಗ."

ಚಾರ್ಟ್ ಸೋಫಾದ ಮೇಲೆ ಬಿಚ್ಚಿಕೊಂಡಿತು. ಎಲ್ಲ ಇಂಗ್ಲಿಷಿನಲ್ಲಿತ್ತು. ದಮಯಂತಿ ಯಾರನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. "ಅಕ್ಷಿತ್, ರೀಡ್" ಎಂದರು. ಅಕ್ಷಿತ್ ಗಟ್ಟಿಯಾಗಿ ಓದಿದ. ಜರ್ಮನ್ ಅಮೆರಿಕನ್ಸ್. ಕ್ಯೂಬನ್ ಅಮೆರಿಕನ್ಸ್. ಯುದ್ಧದ ಕಾಲದಲ್ಲಿ ಜರ್ಮನ್ ಹೆಸರುಗಳನ್ನು ಬದಲಿಸಿಕೊಂಡವರು, ಭಾಷೆ ಬಿಟ್ಟವರು. ಹಾಗೆ ಓದುತ್ತ ಕೊನೆಯ ಸಾಲಿಗೆ ಬಂದ. ಮೂರನೇ, ನಾಲ್ಕನೇ ತಲೆಮಾರಿಗೆ ಉಳಿದದ್ದು ಹೆಚ್ಚಾಗಿ ಹಬ್ಬದ ತಿಂಡಿ ಎಂದಿತ್ತು. ಅವನ ಕೈಯಲ್ಲಿ ಏಳನೇ ಗೋಳಿಬಜೆ ಇತ್ತು. ಓದುವುದನ್ನು ನಿಲ್ಲಿಸಿ ಅದನ್ನೊಮ್ಮೆ ನೋಡಿದ, ಆಮೇಲೆ ತಾಯಿಯನ್ನು ನೋಡಿದ.

ಮೊದಲು ನಕ್ಕವನು ಕೊಗ್ಗ. ತಡೆಯಲು ಹೋಗಿ ಕೆಮ್ಮಿದ, ಕೆಮ್ಮು ನಗುವಾಯಿತು. ದಮಯಂತಿ ತಮ್ಮನ ಬೆನ್ನಿಗೆ ಒಂದು ಗುದ್ದಿದರು. ಗುದ್ದಿದವರೇ ನಗತೊಡಗಿದರು, ಅಳು ಇನ್ನೂ ಮುಗಿದಿರಲಿಲ್ಲ, ಎರಡೂ ಒಟ್ಟಿಗೆ ನಡೆದವು.

"ಹೆಸರು ಯಾಕೆ ತೆಗೆದೆ ಮಾರಾಯ್ತಿ?" ಎಂದು ಸೌಮ್ಯಳನ್ನು ಕೇಳಿದರು.

"ಇಂಗ್ಲಿಷ್ ಪದಕ್ಕೆ ಅಂಕ ಕಳೀತಾರೆ ಅತ್ತಿಗೆ."

"ಜರ್ಮನಿ ಇಂಗ್ಲಿಷಾ?"

"ಗೊತ್ತಿಲ್ಲ. ಅದಕ್ಕೇ ಹೆದರಿದೆ."

ಊಟಕ್ಕೆ ಕುಳಿತಾಗ ದಮಯಂತಿ ಸೊಸೆಯನ್ನು ಪಕ್ಕಕ್ಕೆ ಕರೆದರು. ತಮ್ಮನ ಮಗಳನ್ನು ಅವರು ಸೊಸೆ ಎಂದೇ ಕರೆಯುವುದು. "ಯಾರು ಗೆದ್ದರು ಅಂತ ಉಂಟು, ಜರ್ಮನಿಯವರಾ, ಮತ್ತೊಬ್ಬರಾ?"

"ಟೀಚರ್ ಹಾಗೆ ಕೇಳಬಾರದು ಅಂದ್ರು ಮಾಮಿ. ಯಾವಾಗ ಬಂದರು, ಬಂದಾಗ ಬಾಗಿಲಲ್ಲಿ ಯಾರಿದ್ದರು, ಅದನ್ನು ಬರೆಯದೆ ಬರೀ ಹೋಲಿಸಿದರೆ ಮಾರ್ಕ್ಸ್ ಇಲ್ಲ."

ದಮಯಂತಿ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. "ನಿನ್ನ ಟೀಚರ್ ಮೂವತ್ತು ವರ್ಷ ಮೊದಲು ಹುಟ್ಟಬೇಕಿತ್ತು" ಎಂದರು. ಆಮೇಲೆ ಸೌಮ್ಯಳ ಕಡೆ ತಿರುಗಿ, "ಸಾರು..." ಎಂದು ಶುರುಮಾಡಿ ನಿಂತರು. ಎಲ್ಲರೂ ಕಾದರು. "ಸಾರು ಸಾರಿನ ಹಾಗೆ ಉಂಟು," ಎಂದು ಮುಗಿಸಿದರು. ಅಲ್ಲಿಯವರೆಗೆ ಸೌಮ್ಯಳ ಸಾರು ಬುರೈಮಿಯ ಸಾರಿಗಿಂತ ಏನೋ ಒಂದು ಕಡಿಮೆ ಇರುತ್ತಿತ್ತು.

"ಮಾರ್ಚ್ ಕೊನೆಗೆ ಬನ್ನಿ ಇಬ್ಬರೂ," ಎಂದರು ಕೈ ತೊಳೆಯುವಾಗ, ಗೋಡೆಗೆ ಹೇಳಿದ ಹಾಗೆ. "ಹಿಂದಿನ ರೂಮು ಖಾಲಿ ಉಂಟು. ಆದರೆ ಒಂದು ಮಾತು. ನನ್ನ ಮನೆಯಲ್ಲಿ ರಾತ್ರಿ ಊಟಕ್ಕೆ ಇಂಗ್ಲಿಷ್ ಇಲ್ಲ. ಒಂದು ಪದಕ್ಕೆ ಒಂದು ಅಂಕ ಕಡಿತ. ಅಂಕ ನಾನೇ ಹಾಕುವುದು."

ಕೊಗ್ಗ ಅಲ್ಲೇ ಕುರ್ಚಿಯಲ್ಲಿ ಕುಳಿತುಬಿಟ್ಟ. ಸೌಮ್ಯ ಪೆನ್ನು ಹುಡುಕಿ ತಂದಳು. ಈಗಲಾದರೂ ಜರ್ಮನಿ, ಕ್ಯೂಬಾ ಎಂದು ಸರಿಯಾಗಿ ಬರೆದುಬಿಡಬೇಕು, ಅಂಕ ಹೋದರೆ ಹೋಗಲಿ ಎಂದಳು. ದಮಯಂತಿ ಬಿಡಲಿಲ್ಲ. "ಮಗು ಹಾಗೇ ಹೇಳಲಿ. ಇನ್ನೂರು ಜನರಲ್ಲಿ ಎಷ್ಟು ಮಂದಿ ಬ್ಯಾಗು ಎತ್ತಿಕೊಂಡು ಏಳ್ತಾರೆ ನೋಡುವ. ಈ ಹಾಳೆ ನನಗೆ ಬೇಕು, ನನ್ನ ಫ್ರಿಡ್ಜಿಗೆ. ಅಕ್ಷಿತನಿಗೆ ಮೊದಲ ಪಾಠ ಇದೇ."

ಅಕ್ಷಿತ್ ತನ್ನ ಹೆಸರು ಕೇಳಿ ತಲೆಯೆತ್ತಿದ. "ಗೋಳಿಬಜೆ?" ಎಂದು ಕೇಳಿದ. ಸೌಮ್ಯ ಒಂದು ಡಬ್ಬಿ ತುಂಬಿಸಿ ಕೊಟ್ಟಳು.

ಶುಕ್ರವಾರ ಯಶ್ಮಿತಾ ಒಂದೂ ಇಂಗ್ಲಿಷ್ ಪದವಿಲ್ಲದೆ ಐದು ನಿಮಿಷ ಮಾತಾಡಿದಳು. ಯಾರೂ ಎದ್ದು ಹೋಗಲಿಲ್ಲ. ಆದರೆ ಚಹದ ಹೊತ್ತಿನಲ್ಲಿ ಐದು ಮಂದಿ ಬೇರೆ ಬೇರೆಯಾಗಿ ಬಂದು ಸೌಮ್ಯಳ ಕಿವಿಯಲ್ಲಿ, ಅದು ಯಾರ ಮನೆಯ ವಿಷಯ, ನಮ್ಮದಲ್ಲವಲ್ಲ ಎಂದು ಕೇಳಿದರು. ಮಾರ್ಚ್ ಕೊನೆಗೆ ತಾಯಿ, ಮಗಳು ಬುರೈಮಿಗೆ ಹೋದರು. ಹಾಳೆ ಅಲ್ಲಿಯ ಫ್ರಿಡ್ಜಿನ ಮೇಲಿದೆ ಎಂದು ಕೊಗ್ಗ ಹೇಳಿದ್ದಾನೆ.

ನನಗೆ ಗೊತ್ತಿರುವುದು ಇಷ್ಟೇ. ಜರ್ಮನಿ ಇಂಗ್ಲಿಷ್ ಪದವೋ ಅಲ್ಲವೋ, ಅದನ್ನು ಹೇಳಿದ್ದರೆ ಅಂಕ ಕಳೆಯುತ್ತಿದ್ದರೋ ಎಂದು ವಿಚಾರಿಸಲು ನನಗೆ ಧೈರ್ಯ ಬರಲಿಲ್ಲ. ಬಿಟ್ಟ ಭಾಷೆ ಆ ದೂರದ ದೇಶದಲ್ಲಿ ಯಾರ ಮೊಮ್ಮಕ್ಕಳಿಗಾದರೂ ಮತ್ತೆ ಬಂತೇ ಎಂದು ಪುಸ್ತಕಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಅಕ್ಷಿತ್ ಎಡಗಡೆಯ ಸಾಲನ್ನು ಕೊನೆಯವರೆಗೆ ಓದಿದನೋ, ಓದಿ ಮನೆಮಾತು ಉಳಿದ ಬಲಗಡೆಗೆ ಬಂದನೋ, ಅದೂ ನನಗೆ ಗೊತ್ತಿಲ್ಲ.